ಕಚ್ಚೋ ನಾಯಿನ ನಾವೇ ತಯಾರು ಮಾಡ್ತೀವಿ

ನಮ್ ಕೊಂಡ್ಲಹಳ್ಳಿ ಕಡೆ ನಾಯಿ ಇಲ್ದೆ ಯಾವ ಕೆಲ್ಸಾನೂ ನಡಿಯಲ್ಲ. ಕುರಿ ರೊಪ್ಪಕ್ಕೆ ನಾಯಿ ಬೇಕು, ಶೇಂಗಾ ಕಣಕ್ಕೆ ನಾಯಿ ಬೇಕು, ಗಂಡಸ್ರು ಊರಾಗಿಲ್ದಿದ್ರೆ ರಾತ್ರಿ ಬಾಗ್ಲಿಗೂ ನಾಯಿ ಬೇಕು. ಇಷ್ಟೆಲ್ಲಾ ಬೇಕು, ಆದ್ರೆ ಕುನ್ನಿ ಮನೆಗೆ ಬಂದ ಮೊದಲ ವಾರ ಅದಕ್ಕೆ ಏನು ಕಲಿಸ್ಬೇಕು ಅನ್ನೋದು ಮಾತ್ರ ಯಾರಿಗೂ ಬ್ಯಾಡ. ವರ್ಷ ತುಂಬಿದ ಮೇಲೆ ಅದು ಬೀದಿ ಮಗೀಗೆ ಬಾಯಿ ಹಾಕಿದ್ರೆ "ನಾಯಿ ಬುದ್ಧಿ ಬಿಡ್ತೈತಾ" ಅಂತಾರೆ. ನನ್ನ ಕೇಳಿದ್ರೆ ಅದು ಸಾಕಿದೋರ ಬುದ್ಧಿ ಕಣ್ರವ್ವಾ.

ನಾಯಿ ಬಾಲ ನಳಿಗೆಯಾಗಿಟ್ರೂ ಡೊಂಕೇ ಅನ್ನೋ ಗಾದೆ ಎಲ್ರಿಗೂ ಬಾಯಿಪಾಠ. ಬಾಲದ ಮಾತು ಬಾಲಕ್ಕಿರ್ಲಿ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತ ಮಕ್ಳಿಗೆ ಹೇಳ್ತೀವಲ್ಲ, ಆ ಗಾದೆ ಕುನ್ನಿಗೆ ಯಾಕೆ ಹೊಂದಲ್ಲ?

ಮೊದಲ್ನೇ ತಪ್ಪು ತರೋವಾಗ್ಲೇ ಆಗ್ತೈತೆ. ಹುಡುಗ್ರು ಕಣ್ಣು ಬಿಟ್ಟಿದ್ದೇ ತಡ, ತಾಯಿ ಮಗ್ಗುಲಿಂದ ಮರಿನ ಎತ್ಕಂಡು ಬರ್ತಾರೆ. ಮರಿ ಕಣ್ಣು ಬಿಡೋದು ಎರಡು ವಾರಕ್ಕೆ. ಎರಡು ತಿಂಗ್ಳಾದ್ರೂ ಅದು ತಾಯಿ ಹತ್ರ, ಒಡಹುಟ್ಟಿದ ಮರಿಗಳ ಹತ್ರ ಇರ್ಬೇಕು. ಆಟದಾಗೆ ಒಂದು ಮರಿ ಗಟ್ಟಿಯಾಗಿ ಕಚ್ಚಿದ್ರೆ ಇನ್ನೊಂದು ಕುಂಯ್ ಅಂತ ಕೂಗಿ ಆಟ ಬಿಟ್ಟು ಹೋಗ್ತೈತೆ. ಎಷ್ಟು ಕಚ್ಚಿದ್ರೆ ನೋವಾಗ್ತೈತೆ ಅನ್ನೋ ಮೊದಲ ಪಾಠ ಅಲ್ಲೇ. ಎಂಟು ವಾರ ಆಗ್ದಿರೋ ಮರಿನ ಮಾರಂಗಿಲ್ಲ ಅಂತ 2017ರಾಗೆ ಸರ್ಕಾರ ನಾಯಿ ಮಾರೋರಿಗೆ ನಿಯಮ ಮಾಡಿದ್ದೂ ಸುಮ್ನೆ ಅಲ್ಲ. ನಾವು ದುಡ್ಡು ಕೊಡ್ದೆ ತರ್ತೀವಿ ಅಂದ ಮಾತ್ರಕ್ಕೆ ಮರಿಗೆ ತಾಯಿ ಬ್ಯಾಡ್ವಾ?

ಎರಡ್ನೇದು ಸರಪಳಿ. ಕಟ್ಟಿ ಹಾಕಿದ್ರೆ ಜೋರಾಗ್ತೈತಂತೆ, ಅನ್ನಕ್ಕೆ ಖಾರದ ಪುಡಿ ಕಲಸಿದ್ರೆ ಸಿಟ್ಟು ಬರ್ತೈತಂತೆ. ಖಾರ ತಿಂದ ಕುನ್ನಿಗೆ ಬರೋದು ಹೊಟ್ಟೆನೋವು, ಭೇದಿ. ಮೂರು ವಾರದಿಂದ ಸುಮಾರು ಮೂರೂವರೆ ತಿಂಗ್ಳವರೆಗೆ ಮರಿ ಏನೇನು ನೋಡ್ತೈತೋ ಅದು ಅದಕ್ಕೆ ಸಹಜ ಅನ್ನಿಸ್ತೈತೆ. ಆಮೇಲೆ ನೋಡಿದ್ದಕ್ಕೆಲ್ಲಾ ಅನುಮಾನ, ಹೆದ್ರಿಕೆ. ಆ ದಿನಗಳ್ನ ಹಿತ್ಲಾಗೆ ಗೂಟದ ಸುತ್ತ ಕಳೆದ ನಾಯಿಗೆ ಕಂಬಳಿ ಹೊದ್ದ ಅಜ್ಜನೂ ಕಳ್ಳ, ಯೂನಿಫಾರಂ ಹಾಕಿದ ಹುಡುಗೀನೂ ಕಳ್ಳಿ. ಅದು ಕಚ್ಚೋದು ಧೈರ್ಯಕ್ಕಲ್ಲ, ಅಂಜಿ ಕಚ್ತೈತೆ.

ನಮ್ ಕುರಿಗಾರ್ರನ್ನ ನೋಡ್ರಿ. ಕುನ್ನಿನ ಚಿಕ್ಕದಿದ್ದಾಗ್ಲೇ ಕುರಿಮರಿಗಳ ಜೊತೆ ಬಿಡ್ತಾರೆ. ಅಲ್ಲೇ ಮಲಗ್ತೈತೆ, ಅಲ್ಲೇ ಉಣ್ತೈತೆ, ಅವುಗಳ್ನ ತನ್ನೋವು ಅನ್ಕಂತೈತೆ. ದೊಡ್ಡದಾದ ಮೇಲೆ ತೋಳ ಬಂದ್ರೆ ಎದ್ದು ನಿಲ್ತೈತೆ, ಕುರಿಮರಿ ಮೈಮೇಲೆ ಹತ್ತಿದ್ರೆ ಸುಮ್ನಿರ್ತೈತೆ. ಅದಕ್ಕೆ ಖಾರದ ಪುಡಿ ಯಾರು ತಿನ್ನಿಸಿದ್ರು? ಸ್ವಲ್ಪ ಹೊತ್ತು ಕಟ್ಟೋದು ತಪ್ಪಲ್ಲ. ಹಗಲೂ ರಾತ್ರಿ ಕಟ್ಟಿ ಒಂದು ಸುತ್ತೂ ತಿರುಗಾಡ್ಸದಿರೋದು ತಪ್ಪು, 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಾಗೂ ಅದು ತಪ್ಪೇ.

ಮೂರ್ನೇದಕ್ಕೆ ನನಗೆ ಮೈ ಉರಿಯೋದು. ಮರಿ ಪಡಸಾಲ್ಯಾಗೆ ಉಚ್ಚೆ ಹೊಯ್ತು ಅಂದ್ರೆ ಅದರ ಮೂತಿ ಹಿಡ್ದು ಅದ್ರಾಗೇ ಒರೆಸಿ, ಎರಡು ಬಿಗಿದು ಹೊರಗೆ ಎಸಿತಾರೆ. ಎರಡು ತಿಂಗ್ಳ ಮರಿಗೆ ಎರಡು ಗಂಟೆ ತಡ್ಕಳ್ಳಾದೇ ಕಷ್ಟ. ತೊಟ್ಲಾಗಿನ ಕೂಸಿಗೆ ಹಿಂಗ್ ಮಾಡ್ತೀರಾ? ಆ ಹೊಡೆತದಿಂದ ಕುನ್ನಿ ಕಲಿಯೋದು ಒಂದೇ: ಇವ್ರ ಕಣ್ಣೆದುರಿಗೆ ಹೊಯ್ಬಾರ್ದು. ಆಮೇಲೆ ಮೂಟೆ ಸಂದ್ಯಾಗೆ, ಮಂಚದ ಕೆಳಗೆ ಹೊಯ್ತೈತೆ. ಮಾಡ್ಬೇಕಾದ್ದು ಬಲು ಸುಲಭ. ನಿದ್ದೆಯಿಂದ ಎದ್ದ ತಕ್ಷಣ, ಉಂಡ ಮೇಲೆ, ಆಡಿದ ಮೇಲೆ ಒಂದೇ ಜಾಗಕ್ಕೆ ಎತ್ಕಂಡು ಹೋಗಿ. ಅಲ್ಲಿ ಹೊಯ್ದ ಕೂಡ್ಲೇ "ಜಾಣ" ಅಂತ ಬೆನ್ನು ಸವರಿ, ಒಂದು ಚೂರು ರೊಟ್ಟಿ ಕೊಡಿ. ಒಳಗೆ ಮಾಡಿದ್ರೆ ವಾಸನೆ ಉಳಿಯದಂಗೆ ತೊಳೆದು ಸುಮ್ನಾಗಿ, ವಾಸನೆ ಉಳಿದ್ರೆ ಮತ್ತೆ ಅಲ್ಲೇ ಹೋಗ್ತೈತೆ.

"ಇದಕ್ಕೆಲ್ಲಾ ಟೈಮ್ ಎಲ್ಲೈತಕ್ಕಾ, ನಾವೇನು ಬೆಂಗ್ಳೂರೋರಾ ಟ್ರೈನರ್ ಇಡಾಕೆ?" ಅಂತ ಕೇಳ್ತಾರೆ. ಟ್ರೈನರ್ ಯಾಕೆ, ಮನ್ಯಾಗೆ ಎಲ್ರದೂ ಒಂದೇ ಮಾತಿದ್ರೆ ಸಾಕು. ಈಗ ನಡಿಯೋದು ಹೆಂಗೆ? ಮಗ ತಟ್ಟೆಯಿಂದ ಮುದ್ದೆ ಎಸಿತಾನೆ, ತಟ್ಟೆ ಹತ್ರ ಬಂತು ಅಂತ ಅಪ್ಪ ಒದಿತಾನೆ. ಒಬ್ರು ರಾಜ ಅಂತಾರೆ, ಒಬ್ರು ಟಾಮಿ ಅಂತಾರೆ. ಹೊಡ್ಯಾಕೆ ಹೆಸರಿಡ್ದು ಕರಿತಾರೆ, ಆಮೇಲೆ ಕರೆದ್ರೆ ಬರಲ್ಲ ಅಂತ ಬೈತಾರೆ! ಮೈಮೇಲೆ ಹಾರೋ ಕುನ್ನಿ ಎರಡು ತಿಂಗ್ಳಾಗೆ ಮುದ್ದು, ಎಂಟು ತಿಂಗ್ಳಾಗೆ ಅಜ್ಜಿನ ಕೆಡವ್ತೈತೆ. ಬೆರಳು ಕಚ್ಚಿದ್ರೆ ನಗಬ್ಯಾಡ್ರಿ, ಕೈ ತೆಗ್ದು ಆಟ ನಿಲ್ಸಿ, ಕಚ್ಚಾಕೆ ಹಳೇ ಬಟ್ಟೆ ಗಂಟು ಕೊಡಿ. ದಿನಕ್ಕೆ ಐದೈದು ನಿಮಿಷ ಮೂರು ಸಲ ಆದ್ರೆ ಆತು. ಧಾರಾವಾಹಿ ನಡುವಿನ ಜಾಹೀರಾತಿನಷ್ಟೂ ಇಲ್ಲ.

ಇನ್ನು ಕೆಲವ್ರು "ತಳಿ ಒಳ್ಳೇದಿದ್ರೆ ತಾನಾಗೇ ಕಲೀತೈತೆ" ಅಂತ ಸಾವಿರಗಟ್ಲೆ ಸುರೀತಾರೆ. ನಮ್ಮದೇ ಮುಧೋಳ ನಾಯಿಗೆ 2005ರಾಗೆ ಅಂಚೆ ಚೀಟಿ ಬಂತು, ಸೈನ್ಯದೋರೂ ಆ ತಳಿ ಮರಿಗಳ್ನ ಒಯ್ದರು. ಒಯ್ದು ಸುಮ್ನೆ ಬಿಟ್ರಾ? ಮೀರತ್‌ನಾಗೆ ಇಟ್ಕಂಡು ತರಬೇತಿ ಕೊಟ್ರು. ಅಂಥಾ ತಳಿಗೇ ಕಲಿಸ್ಬೇಕಾದ್ರೆ ನಮ್ಮ ಬಾಗ್ಲ ಕುನ್ನಿ ತಾನಾಗೇ ಕಲಿಯಾಕೆ ಆಗ್ತೈತಾ? 2022ರಾಗೆ ಚಾರ್ಲಿ ಸಿನಿಮಾ ನೋಡಿ ಸೆರಗಿನಾಗೆ ಕಣ್ಣು ಒರೆಸ್ಕಂಡೋರೇ ಮನೆಗೆ ಬಂದು ಕುನ್ನಿಗೆ ಕೋಲು ತಗಂಡ್ರೆ ಆ ಕಣ್ಣೀರಿಗೆ ಏನು ಬೆಲೆ?

ಇದು ಬರೀ ನಾಯಿ ಮೇಲಿನ ಕನಿಕರದ ಮಾತಲ್ಲ. ಹುಚ್ಚುನಾಯಿ ರೋಗ ಬಂದು ಲಕ್ಷಣ ಕಾಣಿಸ್ಕಂಡ್ರೆ ಮನುಷ್ಯ ಉಳಿಯಲ್ಲ. ಹಂಗಾಗಿ ಮರಿಗೆ ಮೂರು ತಿಂಗ್ಳಿಗೆ ರೇಬೀಸ್ ಚುಚ್ಚುಮದ್ದು, ಅದಕ್ಕಿಂತ ಮುಂಚೆ ಆರರಿಂದ ಎಂಟು ವಾರದಾಗೆ ವಾಂತಿಭೇದಿ ರೋಗದ್ದು, ಎರಡೂ ದನದ ಡಾಕ್ಟ್ರನ್ನ ಕೇಳಿ ಹಾಕಿಸ್ರಿ. ಅದು ಪೂರ್ತಿ ಆಗೋ ತನಕ ಬೀದಿ ನೆಲಕ್ಕೆ ಬಿಡಬ್ಯಾಡ್ರಿ, ಕಂಕುಳಾಗೆ ಎತ್ಕಂಡು ಟ್ರ್ಯಾಕ್ಟರ್, ಬಸ್ಸು, ಮಕ್ಳು, ಜಾತ್ರೆ ಡೊಳ್ಳು ಎಲ್ಲಾ ತೋರಿಸ್ರಿ. ಯಾರಿಗಾದ್ರೂ ನಾಯಿ ಕಚ್ಚಿದ್ರೆ ಗಾಯಕ್ಕೆ ಸುಣ್ಣ, ಖಾರದ ಪುಡಿ ಮೆತ್ತಬ್ಯಾಡ್ರಿ. ಸೋಪು ಹಚ್ಚಿ ಹರಿಯೋ ನೀರಾಗೆ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗ್ರಿ. ಕುನ್ನಿ ಅನ್ನಕ್ಕೂ ಖಾರದ ಪುಡಿ, ಕಚ್ಚಿದ ಗಾಯಕ್ಕೂ ಖಾರದ ಪುಡಿ, ಇದ್ಯಾವ ವೈದ್ಯ?

ಕಲಿಸಾಕೆ ಪುರುಸೊತ್ತಿಲ್ಲ ಅನ್ನೋರು ಕುನ್ನಿ ತರಬ್ಯಾಡ್ರಿ. ತಂದ ಮೇಲೆ ಮಾತ್ರ ಮೊದಲ ಮೂರು ತಿಂಗ್ಳು ಅದರ ಜೊತೆ ಕೂತ್ಕಳ್ರಿ. ಬಾಗ್ಲಾಗೆ ಹತ್ತು ವರ್ಷ ಕೂರೋ ಜೀವ ಅದು, ಅದರ ಮುಂದೆ ದಿನಾ ಓಡಾಡೋದು ನಮ್ಮ ಮಕ್ಳು, ನೆರೆಮನೆ ಮಕ್ಳು.