ದಾರ ಕಟ್ಟಿದ ದಿನವೇ ಅಳೆಯಬೇಕು

ನಮ್ಮ ಬೀದಿಯ ಕೊನೆಯಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಮನೆ ಕಟ್ಟಿಸಿದ್ದಾರೆ. 30x50ರ ಸೈಟು. ಕೆಳಗೆ ತಾವು, ಮೇಲೆ ಎರಡು ಬಾಡಿಗೆ ಮನೆ. ಗೃಹಪ್ರವೇಶವಾಗಿ ಎಂಟು ತಿಂಗಳಾಯಿತು, ಬಾಗಿಲಿಗೆ ಕಟ್ಟಿದ ತೋರಣ ಒಣಗಿ ಪುಡಿಯಾಗಿದೆ. ಕಾಯಂ ಮೀಟರು ಮಾತ್ರ ಬಂದಿಲ್ಲ. ಕೆಲಸ ನಡೆಯುವಾಗ ತೆಗೆದುಕೊಂಡಿದ್ದ ಟೆಂಪರರಿ ಕರೆಂಟಿನಲ್ಲೇ ಫ್ರಿಜ್ಜು, ಫ್ಯಾನು, ಸಂಪಿನ ಮೋಟಾರು ಎಲ್ಲ ಓಡುತ್ತಿವೆ. ಬಿಲ್ಲು ಬಂದ ದಿನ ಅವರ ಮನೆಯಲ್ಲಿ ಯಾರೂ ಸರಿಯಾಗಿ ಮಾತಾಡುವುದಿಲ್ಲವಂತೆ. ಮೇಲಿನ ಎರಡೂ ಮನೆ ಖಾಲಿ. ಸ್ವಾಧೀನಾನುಭವ ಪತ್ರ, ಅಂದರೆ ಜನರ ಬಾಯಲ್ಲಿರುವ ‘ಓಸಿ’, ತಂದರೆ ಮೀಟರು, ಇಲ್ಲದಿದ್ದರೆ ಇಲ್ಲ ಎಂದು ವಿದ್ಯುತ್ ಕಚೇರಿಯವರು ಹೇಳಿ ಕಳುಹಿಸಿದ್ದಾರೆ.

ಹೋದ ವಾರ ಅವರು ಫೈಲು ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಮಂಜೂರಾದ ನಕ್ಷೆಯನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಕೂತೆವು. ನಕ್ಷೆಯಲ್ಲಿ ಮೆಟ್ಟಿಲು ಗೋಡೆಯ ಒಳಗಿದೆ. ಕಟ್ಟಿದ ಮನೆಯಲ್ಲಿ ಹೊರಗಿದೆ. ನಕ್ಷೆಯಲ್ಲಿ ಬಲಮಗ್ಗುಲಿಗೆ ಒಂದು ಮೀಟರ್ ಖಾಲಿ ಬಿಟ್ಟಿದೆ; ಮೆಟ್ಟಿಲು ಅಲ್ಲಿಗೆ ಬಂದದ್ದರಿಂದ ಈಗ ಉಳಿದಿರುವುದು ಒಂದಡಿ. ಕಾರು ನಿಲ್ಲಿಸುವ ಜಾಗದಲ್ಲಿ ದೇವರ ಕೋಣೆ ಎದ್ದಿದೆ.

“ಮೇಷ್ಟ್ರೇ, ಇದನ್ನ ಮೊದಲೇ ನೋಡಿರಲಿಲ್ವಾ?” ಎಂದೆ.

“ಬ್ಯಾಂಕಿಗೆ ಬೇಕು ಅಂದ್ರು, ಸೈನ್ ಹಾಕ್ದೆ. ಮೇಸ್ತ್ರಿ ಕೈಲಿದ್ದದ್ದು ಬೇರೆ ನಕ್ಷೆ. ಎಲ್ಲರೂ ಹಂಗೇ ಕಟ್ಟೋದು ಸರ್, ಏನೂ ಆಗಲ್ಲ ಅಂದ್ರು.”

ಪರ್ಮಿಷನ್‌ಗೆ ಒಂದು ನಕ್ಷೆ, ಕಟ್ಟುವುದಕ್ಕೆ ಇನ್ನೊಂದು. ನಮ್ಮ ಊರುಗಳಲ್ಲಿ ಇದು ಎಷ್ಟು ಸಹಜವಾಗಿಬಿಟ್ಟಿದೆ ಎಂದರೆ, ಎರಡು ನಕ್ಷೆ ಏಕೆ ಎಂದು ಮನೆಯ ಯಜಮಾನರೇ ಕೇಳುವುದಿಲ್ಲ. ಮೊದಲನೆಯದು ಕಚೇರಿಗೆ ಹೋಗಿ ಮೊಹರು ಬೀಳಿಸಿಕೊಂಡು ಬ್ಯಾಂಕಿನ ಕಪಾಟು ಸೇರುತ್ತದೆ. ಎರಡನೆಯದು ಸಿಮೆಂಟು ಮೆತ್ತಿಕೊಂಡು, ಮಡಿಕೆ ಹರಿದು, ಮೇಸ್ತ್ರಿಯ ಜೇಬಿನಲ್ಲಿರುತ್ತದೆ. ಮನೆ ಏಳುವುದು ಆ ಎರಡನೆಯದರ ಪ್ರಕಾರ. ಕಾನೂನು ಕೊನೆಯಲ್ಲಿ ಅಳೆಯುವುದು ಮೊದಲನೆಯದನ್ನು ಹಿಡಿದು.

ಈ ಮೀಟರಿನ ಬಿಕ್ಕಟ್ಟು ಶುರುವಾದದ್ದು ಸುಪ್ರೀಂ ಕೋರ್ಟಿನ ಒಂದು ತೀರ್ಪಿನಿಂದ. ಉತ್ತರ ಪ್ರದೇಶದ ಮೀರತ್‌ನಲ್ಲಿ ವಾಸದ ಮನೆಗೆಂದು ಕೊಟ್ಟ ನಿವೇಶನದಲ್ಲಿ ಅಂಗಡಿಗಳನ್ನು ಕಟ್ಟಿದ್ದ ಪ್ರಕರಣದಲ್ಲಿ, 2024ರ ಡಿಸೆಂಬರ್ 17ರಂದು ನ್ಯಾಯಮೂರ್ತಿಗಳಾದ ಜೆ.ಬಿ. ಪಾರ್ದಿವಾಲಾ ಮತ್ತು ಆರ್. ಮಹದೇವನ್ ಅವರ ಪೀಠ ಇಡೀ ದೇಶಕ್ಕೆ ಅನ್ವಯಿಸುವ ನಿರ್ದೇಶನಗಳನ್ನು ಕೊಟ್ಟಿತು. ಸ್ವಾಧೀನಾನುಭವ ಪತ್ರವಿಲ್ಲದೆ ನೀರು, ವಿದ್ಯುತ್, ಒಳಚರಂಡಿ ಸಂಪರ್ಕ ಕೊಡಬಾರದು ಎಂಬುದು ಅವುಗಳಲ್ಲೊಂದು. 2025ರಲ್ಲಿ ಕರ್ನಾಟಕದಲ್ಲಿ ಅದು ಜಾರಿಗೆ ಬಂತು. ಕಟ್ಟಿ ಮುಗಿಸಿದವರೂ ಅರ್ಧ ಕಟ್ಟಿದವರೂ ಕಂಗಾಲಾದರು.

ತೀರ್ಪನ್ನು ದೂರುವುದಕ್ಕೆ ನನಗೆ ಮನಸ್ಸಿಲ್ಲ. ದೂರಬೇಕಾದದ್ದು ನಾವು ಅದನ್ನು ಕೇಳಿಸಿಕೊಂಡ ರೀತಿಯನ್ನು. ಅದೇ ತೀರ್ಪಿನಲ್ಲಿ ಇನ್ನೆರಡು ಮಾತುಗಳಿವೆ. ಕಟ್ಟಡದ ಕೆಲಸ ನಡೆಯುವಷ್ಟು ದಿನವೂ ಮಂಜೂರಾದ ನಕ್ಷೆಯನ್ನು ಸ್ಥಳದಲ್ಲಿ ಎಲ್ಲರಿಗೂ ಕಾಣುವಂತೆ ಹಾಕಬೇಕು. ಅಧಿಕಾರಿಗಳು ಆಗಾಗ ಹೋಗಿ ತಪಾಸಣೆ ಮಾಡಿ, ನೋಡಿದ್ದನ್ನು ದಾಖಲಿಸಿಡಬೇಕು. ಕರೆಂಟು ಕೊಡಬೇಡಿ ಎಂಬ ಮಾತು ಸುತ್ತೋಲೆಯಾಗಿ ಎಲ್ಲ ಕೌಂಟರುಗಳನ್ನೂ ತಲುಪಿತು. ನಕ್ಷೆ ತೂಗುಹಾಕಿ, ಹೋಗಿ ನೋಡಿ ಎಂಬ ಮಾತುಗಳು ಎಲ್ಲಿ ತಲುಪಿದವು? ನಾನು ಬೆಳಗಿನ ವಾಕಿಂಗ್‌ನಲ್ಲಿ ದಿನವೂ ಏಳೆಂಟು ಹೊಸ ಕಟ್ಟಡಗಳನ್ನು ದಾಟಿ ಹೋಗುತ್ತೇನೆ. ಹಸಿರು ಪರದೆ ಇದೆ, ಸಿಮೆಂಟ್ ಕಂಪನಿಯ ಬ್ಯಾನರಿದೆ, ದೃಷ್ಟಿಗೆಂದು ಕಟ್ಟಿದ ಬೂದುಗುಂಬಳವಿದೆ. ನಕ್ಷೆ ಮಾತ್ರ ಒಂದರಲ್ಲೂ ಕಂಡಿಲ್ಲ.

ಹೀಗೆ ಮೊದಲ ಹಂತಗಳನ್ನು ಬಿಟ್ಟು ಕೊನೆಯ ಹಂತದಲ್ಲಿ ಬಾಗಿಲು ಹಾಕಿದರೆ, ಸಿಕ್ಕಿಬೀಳುವವನು ಕಟ್ಟಿ ಮುಗಿಸಿ ಕೈ ಖಾಲಿ ಮಾಡಿಕೊಂಡವನು. ನಕ್ಷೆ ಬರೆದುಕೊಟ್ಟ ಎಂಜಿನಿಯರ್ ಹಣ ಪಡೆದಾಗಿದೆ. ಮೇಸ್ತ್ರಿ ಮುಂದಿನ ಕೆಲಸಕ್ಕೆ ಹೋಗಿಯಾಗಿದೆ. ಒಂದು ದಿನವೂ ಸ್ಥಳಕ್ಕೆ ಬರದ ಅಧಿಕಾರಿಗೆ ಯಾರೂ ಏನೂ ಕೇಳುವುದಿಲ್ಲ. ಕತ್ತಲಲ್ಲಿ ಉಳಿಯುವುದು ಮೇಷ್ಟ್ರ ಮನೆ.

ಮನೆ ಕಟ್ಟಿಸಿದ ಯಾರನ್ನಾದರೂ ಕೇಳಿ, ತಿದ್ದಲು ಸಾಧ್ಯವಿರುವ ದಿನಗಳು ಬೆರಳೆಣಿಕೆಯಷ್ಟು. ಗುದ್ದಲಿಪೂಜೆಯಾದ ಮೇಲೆ ಸುಣ್ಣದ ಗೆರೆ ಎಳೆದು, ಗೂಟಕ್ಕೆ ದಾರ ಕಟ್ಟಿ ಮಾರ್ಕಿಂಗ್ ಮಾಡುವ ದಿನ. ಪಿಲ್ಲರಿನ ಗುಂಡಿಯಲ್ಲಿ ಕಬ್ಬಿಣದ ಜಾಲರಿ ಇಟ್ಟು, ಇನ್ನೂ ಕಾಂಕ್ರೀಟು ಸುರಿಯದ ದಿನ. ಪಾಯ ಮುಗಿದು ಪ್ಲಿಂತ್ ಬೀಮ್ ಕಾಣುವ ದಿನ. ಮೋಲ್ಡ್ ಹಾಕುವ ಹಿಂದಿನ ದಿನ, ಸೆಂಟ್ರಿಂಗ್ ಮೇಲೆ ಕಂಬಿ ಹೆಣೆದು ಮುಗಿದಿರುವಾಗ. ಇವಿಷ್ಟು ದಿನ ಕಣ್ಣಿಗೆ ಎಲ್ಲವೂ ಕಾಣುತ್ತದೆ. ಕಾಂಕ್ರೀಟು ಬಿದ್ದ ಮೇಲೆ ಒಳಗಿರುವ ಕಂಬಿ ಎಷ್ಟು ಎಂಎಂ, ರಿಂಗುಗಳ ನಡುವೆ ಎಷ್ಟು ಅಂತರ, ಯಾರು ಹೇಳುತ್ತಾರೆ? ಅಪಾರ್ಟ್‌ಮೆಂಟಿನಂಥ ದೊಡ್ಡ ಕಟ್ಟಡಕ್ಕೆ ಪ್ರಾರಂಭಿಕ ಪ್ರಮಾಣಪತ್ರ ಎಂಬುದೊಂದು ಇರುವುದೇ, ಕಟ್ಟಡ ಮೇಲೇಳುವ ಮೊದಲು ಯಾರಾದರೂ ಬಂದು ನೋಡಲಿ ಎಂಬ ಕಾರಣಕ್ಕೆ. ಆ ಕಾರಣ ಚಿಕ್ಕ ಮನೆಗೂ ಅಷ್ಟೇ ನಿಜ.

1983ರ ಸೆಪ್ಟೆಂಬರ್ 12ರಂದು ಬೆಂಗಳೂರಿನ ಮೆಜೆಸ್ಟಿಕ್ ಬಳಿ, ಕಟ್ಟುತ್ತಿದ್ದ ಏಳು ಮಹಡಿಯ ಗಂಗಾರಾಂ ಕಟ್ಟಡ ಕುಸಿದು 123 ಜನ ಸತ್ತರು. ನಮ್ಮ ತಲೆಮಾರಿನವರಿಗೆ ಆ ಹೆಸರು ಇಂದಿಗೂ ಮೈ ನಡುಗಿಸುತ್ತದೆ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದ ವಾಣಿಜ್ಯ ಸಂಕೀರ್ಣ ಬಿದ್ದು 19 ಜನ ಹೋದರು. 2024ರ ಅಕ್ಟೋಬರ್ 22ರಂದು, ಮಳೆಯ ನಡುವೆ, ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಮತ್ತೊಂದು ಕಟ್ಟಡ. ಅಲ್ಲಿ ಸತ್ತವರಲ್ಲಿ ಹೆಚ್ಚಿನವರು ದೂರದ ಊರಿನಿಂದ ಬಂದ ಕೂಲಿಕಾರರು. ಅನುಮತಿ ಪಡೆದದ್ದಕ್ಕಿಂತ ಹೆಚ್ಚು ಮಹಡಿ ಎದ್ದಿತ್ತು ಎಂದು ಆಮೇಲೆ ಅಧಿಕಾರದಲ್ಲಿದ್ದವರೇ ಹೇಳಿದರು. ಮಹಡಿಯನ್ನು ಯಾರೂ ಬಚ್ಚಿಟ್ಟು ಕಟ್ಟಲಾರರು. ಬೀದಿಯಲ್ಲಿ ಓಡಾಡುವ ಮಗುವೂ ಅದನ್ನು ಎಣಿಸಬಲ್ಲದು. ಎಣಿಸಬೇಕಾದವರು ಕಟ್ಟುವಾಗಲೇ ಬಂದು ಎಣಿಸಿ ಕೆಲಸ ನಿಲ್ಲಿಸಿದ್ದರೆ ಆ ಕೂಲಿಕಾರರು ಹಬ್ಬಕ್ಕೆ ಊರಿಗೆ ಹೋಗುತ್ತಿದ್ದರು. ಅದನ್ನು ನೆನೆದಾಗ ನನಗೆ ಸಿಟ್ಟೇ ಬರುತ್ತದೆ.

ತಪಾಸಣೆ ಎಂದರೆ ನಮ್ಮ ಜನ ಹೆದರುವುದಕ್ಕೂ ಕಾರಣವಿದೆ. ಜೀಪು ಬಂತೆಂದರೆ ಕೈ ಬಿಸಿ ಮಾಡಬೇಕು ಎಂಬುದು ಎಲ್ಲರ ಅನುಭವ. ಹಾಗಾಗಿ ಯಾರೂ ಬಾರದಿರಲಿ ಎಂದೇ ಬೇಡಿಕೊಳ್ಳುತ್ತಾರೆ. ಇದಕ್ಕೆ ನನಗೆ ತೋಚುವ ಮದ್ದು, ಬಂದವರು ಅಳೆದದ್ದನ್ನು ಅಲ್ಲೇ ಬರೆದು, ತಾರೀಖಿನ ಸಮೇತ ಫೋಟೊ ತೆಗೆದು, ಒಂದು ಪ್ರತಿ ಮನೆಯವರ ಕೈಗೆ ಕೊಡುವುದು. ಮುಂದಕ್ಕೆ ಎಷ್ಟು ಬಿಟ್ಟಿದೆ, ಹಿಂದಕ್ಕೆ ಎಷ್ಟು, ಪಕ್ಕಕ್ಕೆ ಎಷ್ಟು. ಸರಿಯಿದ್ದರೆ ಸರಿ, ಇಲ್ಲದಿದ್ದರೆ ಇಲ್ಲ. ಮೂರು ವರ್ಷವಾದ ಮೇಲೆ ಅದೇ ಅಧಿಕಾರಿಯ ಸಹಿಯನ್ನು ಅವರ ಮುಂದೆ ಹಿಡಿಯಬಹುದು. ಬೆಂಗಳೂರಿನಲ್ಲಿ ‘ನಂಬಿಕೆ ನಕ್ಷೆ’ ಎಂಬ ವ್ಯವಸ್ಥೆ 2024ರಲ್ಲಿ ಬಂದು, ನೋಂದಾಯಿತ ಎಂಜಿನಿಯರ್, ವಾಸ್ತುಶಿಲ್ಪಿಗಳ ಮೂಲಕ ಸಣ್ಣ ಮನೆಗಳಿಗೆ ಬೇಗನೆ ತಾತ್ಕಾಲಿಕ ಮಂಜೂರಾತಿ ಸಿಗುವಂತಾಯಿತು. ಒಳ್ಳೆಯದೇ. ಆ ವೇಗ ಕಾಗದಕ್ಕಷ್ಟೇ ನಿಲ್ಲದೆ ಪಾಯದ ಗುಂಡಿಯವರೆಗೂ ಬರಬೇಕು. ನಕ್ಷೆಗೆ ಸಹಿ ಹಾಕಿದ ಎಂಜಿನಿಯರೇ ಕಟ್ಟುವಾಗಲೂ ಬಂದು ಸಹಿ ಹಾಕಬೇಕು, ತಪ್ಪಿದರೆ ಅವರ ನೋಂದಣಿ ಹೋಗಬೇಕು.

1200 ಚದರಡಿವರೆಗಿನ ನಿವೇಶನದ ಸಣ್ಣ ಮನೆಗಳಿಗೆ 2025ರಲ್ಲಿ ಸರ್ಕಾರ ಸ್ವಾಧೀನಾನುಭವ ಪತ್ರದಿಂದ ವಿನಾಯಿತಿ ಕೊಟ್ಟಿತು. ಸಾಲ ಮಾಡಿ ಸೂರು ಕಟ್ಟಿಕೊಂಡವರಿಗೆ ಬೆಳಕು ಬಂತು, ಬರಬೇಕಾದದ್ದೇ. ಆದರೆ ಅವರ ಪಿಲ್ಲರನ್ನೂ ಯಾರಾದರೂ ನೋಡಬೇಕಲ್ಲ? ಆ ಪ್ರಶ್ನೆ ಆದೇಶದ ಜೊತೆಗೇ ಮುಚ್ಚಿಹೋಯಿತು. ನಮ್ಮ ಮೇಷ್ಟ್ರದು 1500 ಚದರಡಿ, ವಿನಾಯಿತಿಯ ಗೆರೆಯಾಚೆ. 2003ರ ಕಟ್ಟಡ ಬೈಲಾದಲ್ಲಿ ಶೇ 5ರೊಳಗಿನ ವ್ಯತ್ಯಾಸವನ್ನು ದಂಡ ಕಟ್ಟಿಸಿಕೊಂಡು ಒಪ್ಪಲು ಅವಕಾಶವಿತ್ತು. ಒಂದು ಮೀಟರಿನಲ್ಲಿ ಒಂದಡಿ ಉಳಿಸಿದ ಮನೆ ಅದರ ಹತ್ತಿರಕ್ಕೂ ಬರುವುದಿಲ್ಲ. ಇನ್ನು ಅಕ್ರಮ-ಸಕ್ರಮ. ಮನೆಗಳಿಗೆ ಶೇ 50ರವರೆಗಿನ ಉಲ್ಲಂಘನೆಯನ್ನು ಸಕ್ರಮ ಮಾಡುವ ಆ ಯೋಜನೆಯನ್ನು 2016ರಲ್ಲಿ ಹೈಕೋರ್ಟ್ ಎತ್ತಿಹಿಡಿದರೂ, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಅದು ಇವತ್ತಲ್ಲ ನಾಳೆ ಬರುತ್ತದೆ ಎಂಬ ಭರವಸೆಯಲ್ಲಿ ಎಷ್ಟು ಬಾಲ್ಕನಿಗಳು ರಸ್ತೆಯ ಮೇಲೆ ಚಾಚಿದವೋ, ಎಷ್ಟು ಪಕ್ಕದ ಮನೆಗಳ ಕಿಟಕಿ ಕತ್ತಲಾದವೋ. ಆ ಒಂದು ಮೀಟರ್ ಗಾಳಿಗೆ, ಬೆಳಕಿಗೆ. ಬೆಂಕಿ ಹತ್ತಿದರೆ ಮನುಷ್ಯ ಓಡುವುದಕ್ಕೆ. ಯಾರಾದರೂ ಇದನ್ನು ದಾರ ಕಟ್ಟಿದ ದಿನ ಮೇಷ್ಟ್ರಿಗೆ ಬಿಡಿಸಿ ಹೇಳಿದ್ದರೆ, ಅವರು ಮೆಟ್ಟಿಲನ್ನು ಒಳಗೇ ಇಟ್ಟುಕೊಳ್ಳುತ್ತಿದ್ದರು ಎಂದು ನನಗೆ ಪೂರ್ತಿ ನಂಬಿಕೆಯಿದೆ.

ಮೆಟ್ಟಿಲು ಒಡೆದು ಒಳಗೆ ಕಟ್ಟಲು ಎಷ್ಟಾಗುತ್ತದೆ ಎಂದು ಲೆಕ್ಕ ಹಾಕಿಸುತ್ತಿದ್ದಾರೆ. ಲಕ್ಷಗಳ ಮಾತು. ಅವರ ಹೆಂಡತಿ ಆ ಮಾತು ಬಂದಾಗ ಎದ್ದು ಅಡುಗೆಮನೆಗೆ ಹೋಗುತ್ತಾರೆ.

ಈ ನಡುವೆ ಮೇಷ್ಟ್ರ ತಮ್ಮ ಊರಾಚೆ ಒಂದು ಸೈಟಿನಲ್ಲಿ ಪಾಯ ತೆಗೆಸುತ್ತಿದ್ದಾರೆ. ಮೊನ್ನೆ ಭಾನುವಾರ ಮೇಷ್ಟ್ರು ನನ್ನನ್ನೂ ಕರೆದುಕೊಂಡು ಹೋದರು. ಕೈಯಲ್ಲಿ ಟೇಪು, ಕಂಕುಳಲ್ಲಿ ಮಂಜೂರಾದ ನಕ್ಷೆಯ ಜೆರಾಕ್ಸ್. ಸುಣ್ಣದ ಗೆರೆ ಹಾಕಿ ದಾರ ಕಟ್ಟಿಯಾಗಿತ್ತು. ಮೇಸ್ತ್ರಿ ಬೇಡವೆನ್ನಲಿಲ್ಲ, ಟೇಪಿನ ಇನ್ನೊಂದು ತುದಿ ತಾನೇ ಹಿಡಿದ. ಎಡಕ್ಕೆ ಸರಿಯಿತ್ತು, ಹಿಂದೆ ಸರಿಯಿತ್ತು. ಮುಂದುಗಡೆ ಎಂಟು ಇಂಚು ಕಡಿಮೆ. ಮೇಷ್ಟ್ರು ಎರಡನೇ ಸಲ ಅಳೆದರು, ಆಮೇಲೆ ನಕ್ಷೆಯನ್ನು ಮಣ್ಣಿನ ಮೇಲೆ ಹರಡಿ, ನಾಲ್ಕು ಮೂಲೆಗೂ ಕಲ್ಲಿಟ್ಟು, ತಮ್ಮನಿಗೆ ತೋರಿಸಿದರು. ಮೇಸ್ತ್ರಿ ಎರಡು ಗೂಟ ಕಿತ್ತು, ಎಂಟು ಇಂಚು ಹಿಂದಕ್ಕೆ ಹೊಡೆದು, ದಾರವನ್ನು ಮತ್ತೆ ಬಿಗಿದ.