ಬೀದರಿನ ನಂಬರೋ, ಹೈದರಾಬಾದಿನ ನಂಬರೋ

ಹೈದರಾಬಾದಿನ ದಿಲ್‌ಸುಖ್‌ನಗರದಲ್ಲಿರುವ ನಮ್ಮ ಅಪಾರ್ಟ್‌ಮೆಂಟಿನ ಸೆಲ್ಲಾರಿನಲ್ಲಿ ಹನ್ನೊಂದು ಕಾರುಗಳು ನಿಲ್ಲುತ್ತವೆ. ನೆಲದಡಿಯ ಪಾರ್ಕಿಂಗಿಗೆ ಈ ಊರಿನಲ್ಲಿ ಸೆಲ್ಲಾರ್ ಎಂದೇ ಹೆಸರು. ಹನ್ನೊಂದರಲ್ಲಿ ಎರಡರ ಮೇಲೆ ‘ಕೆಎ’ ಎಂದಿದೆ: ಒಂದು 38, ಬೀದರಿನದು; ಇನ್ನೊಂದು 32, ಕಲಬುರಗಿಯದು. ಅವನ್ನು ಕಂಡಾಗ ನನಗೆ ಸ್ವಲ್ಪ ಹೆಮ್ಮೆ, ಸ್ವಲ್ಪ ಅನುಮಾನ. ಹೆಮ್ಮೆ ಯಾಕೆಂದು ಊರು ಬಿಟ್ಟವರಿಗೆ ಬಿಡಿಸಿ ಹೇಳಬೇಕಿಲ್ಲ. ಅನುಮಾನ ಕಾನೂನಿನದು, ಅದಕ್ಕೆ ಆಮೇಲೆ ಬರುತ್ತೇನೆ.

ಹೋದ ವರ್ಷ ನಾವೂ ಕಾರು ಕೊಳ್ಳಲು ಹೊರಟೆವು. ನಾಲ್ಕು ಜನರ ಸಂಸಾರ, ಊರಿಂದ ಮಾವ ಬಂದರೆ ಐದು. ಹತ್ತು ಲಕ್ಷದ ಆಸುಪಾಸಿನದು, ಒಂದೆರಡು ಲಕ್ಷ ಹೆಚ್ಚಾದರೂ ನಡೆದೀತು. ಯಾವ ಕಂಪನಿ, ಯಾವ ಬಣ್ಣ ಎಂಬ ಮಾತು ಶುರುವಾಗುವ ಮೊದಲೇ ಬೀದರಿನಿಂದ ಮಾವನವರ ಫೋನ್ ಬಂತು. “ಅಳಿಯರೇ, ಗಾಡಿ ಊರಾಗೇ ತಗೋರಿ. ನಮ್ಮ ನಂಬರ್ ಇರ್ಲಿ.” ಹೆಂಡತಿ ಪಕ್ಕದಲ್ಲೇ ಕೂತಿದ್ದಳು. ಫೋನ್ ಇಟ್ಟ ಮೇಲೆ ಕೇಳಿದಳು: “ಸಾಲಿ ಇಲ್ಲಿ, ದವಾಖಾನಿ ಇಲ್ಲಿ, ನಂಬರ್ ಮಾತ್ರ ಅಲ್ಲಿಂದು ಯಾಕ್ರಿ?”

ಮುಂದಿನ ಎರಡು ತಿಂಗಳು ಈ ಎರಡು ಮಾತುಗಳ ನಡುವೆಯೇ ಕಳೆದವು. ಎರಡರಲ್ಲೂ ಹುರುಳಿದೆ.

ಹೈದರಾಬಾದು ಬೀದರಿನವರಿಗೆ ಪೂರ್ತಿ ಪರಸ್ಥಳವಲ್ಲ. 1948ರ ಸೆಪ್ಟೆಂಬರಿನವರೆಗೆ ಬೀದರ್, ಕಲಬುರಗಿ, ರಾಯಚೂರು ಮೂರೂ ನಿಜಾಮರ ಸಂಸ್ಥಾನದ ಜಿಲ್ಲೆಗಳು. 1956ರ ನವೆಂಬರ್ 1ರವರೆಗೂ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ನಮ್ಮ ಅಜ್ಜಂದಿರಿಗೆ ಇದು ರಾಜಧಾನಿ. ಇವತ್ತಿಗೂ ಕಾಚಿಗುಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರ ಇದೆ, ನೃಪತುಂಗ ಶಾಲೆ ಇದೆ. ಎಂಜಿಬಿಎಸ್ ಬಸ್ ನಿಲ್ದಾಣದಿಂದ ಬೀದರಿಗೆ ಬಸ್ಸು ಹತ್ತಿದರೆ ಝಹೀರಾಬಾದ್ ದಾಟಿ ಸುಮಾರು 140 ಕಿಲೋಮೀಟರು, ಅಷ್ಟೆ. ಆದರೆ ಕಾರಿನ ವಿಷಯಕ್ಕೆ ಬಂದಾಗ ಆ ನಡುವಿನ ಗಡಿ ಚೀನಾದ ಗೋಡೆಯಷ್ಟು ಎತ್ತರ.

ಮೊದಲು ಮಾವನವರ ಪಕ್ಷ. ಅದನ್ನು ಬರೀ ಅಭಿಮಾನ ಎಂದು ತಳ್ಳಿಹಾಕಲಾಗದು. ಬೀದರಿನ ಶೋರೂಮಿನಲ್ಲಿ ಗುರುತಿನವರು ಇರುತ್ತಾರೆ. ಮ್ಯಾನೇಜರು ಯಾರ ಮಗ, ಯಾರ ಅಳಿಯ ಎಂದು ಗೊತ್ತಿರುತ್ತದೆ. ನಾಳೆ ಗಾಡಿಯಲ್ಲಿ ಏನಾದರೂ ಎಡವಟ್ಟಾದರೆ ಅವನು ಮದುವೆ ಮನೆಯಲ್ಲಿ ಎದುರಿಗೆ ಸಿಗುತ್ತಾನೆ, ಮುಖ ತಪ್ಪಿಸಿಕೊಳ್ಳಲಾಗದು. ಬ್ಯಾಂಕಿನಲ್ಲಿ ಮಾವನವರ ಖಾತೆ ಮೂವತ್ತು ವರ್ಷದ್ದು, ಸಾಲದ ಕಾಗದ ಬೇಗ ಮುಂದೆ ಹೋಗುತ್ತದೆ. ಕರಾರುಪತ್ರದಲ್ಲಿ ಏನಿದೆ ಎಂದು ಕನ್ನಡದಲ್ಲಿ ಕೇಳಬಹುದು, ಕನ್ನಡದಲ್ಲಿ ಜಗಳಾಡಬಹುದು. ಟೆಸ್ಟ್ ಡ್ರೈವ್ ಅಂದರೆ ಅಲ್ಲಿ ನಿಜವಾದ ಡ್ರೈವ್. ಹುಮನಾಬಾದ್ ರಸ್ತೆಗೆ ಹೋದರೆ ನಾಲ್ಕನೇ ಗೇರು, ಐದನೇ ಗೇರು ಎರಡನ್ನೂ ನೋಡಿ ಬರಬಹುದು. ದಿಲ್‌ಸುಖ್‌ನಗರದ ಮೆಟ್ರೋ ಕಂಬಗಳ ಕೆಳಗೆ ನಾನು ಮಾಡಿದ ಟೆಸ್ಟ್ ಡ್ರೈವಿನಲ್ಲಿ ಎರಡನೇ ಗೇರು ದಾಟಲೇ ಇಲ್ಲ. ಚೈತನ್ಯಪುರಿ ತನಕ ಹೋಗಿ ಬರುವಷ್ಟರಲ್ಲಿ ಎಸಿ ತಣ್ಣಗಿದೆ ಎಂಬುದೊಂದೇ ತಿಳಿದದ್ದು.

ಇನ್ನೊಂದು ಬಲವಾದ ಮಾತೂ ಮಾವನವರ ಬಳಿ ಇತ್ತು. “ನೀವು ಒಂದಿನ ವಾಪಸ್ ಬರೋರು ತಾನೇ? ಆಗ ಇಲ್ಲಿ ಮತ್ತ ಟ್ಯಾಕ್ಸ್ ಕಟ್ತೀರೇನು?” ಜೀವಿತಾವಧಿ ತೆರಿಗೆ ಒಂದೊಂದು ರಾಜ್ಯಕ್ಕೆ ಬೇರೆ ಬೇರೆ. ಊರಿಗೆ ಮರಳುವುದು ಖಾತ್ರಿಯಿದ್ದವನಿಗೆ ಊರಿನಲ್ಲಿ ಕಟ್ಟಿದ್ದೇ ಲಾಭ.

ಈಗ ಹೆಂಡತಿಯ ಪಕ್ಷ. ಅವಳ ಒಂದು ಪ್ರಶ್ನೆಯ ಹಿಂದೆ ಮೋಟಾರು ವಾಹನ ಕಾಯ್ದೆಯೇ ನಿಂತಿದೆ, ಅದು ಅವಳಿಗೆ ಗೊತ್ತಿರಲಿಲ್ಲ. 1988ರ ಈ ಕಾಯ್ದೆಯ 40ನೇ ಕಲಮಿನ ಪ್ರಕಾರ ಮಾಲೀಕ ವಾಸವಿರುವ, ಗಾಡಿಯನ್ನು ಸಾಮಾನ್ಯವಾಗಿ ಇಡುವ ರಾಜ್ಯದಲ್ಲಿ ನೋಂದಣಿ ಆಗಬೇಕು. 47ನೇ ಕಲಮು ಇನ್ನೂ ಸ್ಪಷ್ಟ: ಬೇರೆ ರಾಜ್ಯದ ಗಾಡಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲೇ ಉಳಿದರೆ ಇಲ್ಲಿನ ನಂಬರು ಪಡೆಯಬೇಕು. ಅಂದರೆ ಬೀದರಿನ ಆರ್‌ಟಿಓದಿಂದ ನಿರಾಕ್ಷೇಪಣಾ ಪತ್ರ ತರಬೇಕು. ಸಾಲವಿದ್ದರೆ ಬ್ಯಾಂಕಿನ ಒಪ್ಪಿಗೆ ಬೇಕು. ಗಾಡಿಯ ವಯಸ್ಸು ನೋಡಿ ಸ್ವಲ್ಪ ಕಳೆದು, ತೆಲಂಗಾಣದ ತೆರಿಗೆ ಕಟ್ಟಬೇಕು. ಆಮೇಲೆ ಕರ್ನಾಟಕದಲ್ಲಿ ಕಟ್ಟಿದ್ದರ ಉಳಿಕೆ ಭಾಗ ಮರಳಿಸಿ ಎಂದು ಅಲ್ಲಿಗೆ ಅರ್ಜಿ ಹಾಕಿ ಕಾಯಬೇಕು. ನಮ್ಮ ಸೆಲ್ಲಾರಿನ ಕೆಎ 32 ನಾಲ್ಕು ವರ್ಷದಿಂದ ಇಲ್ಲೇ ಇದೆ. ನನ್ನ ಅನುಮಾನ ಅದೇ. ಯಾವಾಗಲೋ ಒಮ್ಮೆ ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ಆ ಅಭಿಮಾನಕ್ಕೆ ಬೆಲೆ ಕಟ್ಟಬೇಕಾಗುತ್ತದೆ.

ಹೊರರಾಜ್ಯದ ಗಾಡಿಯ ಮೇಲೆ ಕಣ್ಣಿಡುವುದು ತೆಲಂಗಾಣ ಒಂದೇ ಅಲ್ಲ. 2014ರಲ್ಲಿ ಕರ್ನಾಟಕ, ಹೊರಗಿನ ಗಾಡಿ 30 ದಿನಕ್ಕಿಂತ ಹೆಚ್ಚು ಉಳಿದರೆ ಪೂರಾ ತೆರಿಗೆ ಎಂದು ಕಾನೂನು ತಿದ್ದಿತ್ತು. 2016ರಲ್ಲಿ ಹೈಕೋರ್ಟು ಅದನ್ನು ಒಪ್ಪಲಿಲ್ಲ. ಬೆಂಗಳೂರಿನಲ್ಲಿ ಆಗ ಪರದಾಡಿದ ತೆಲುಗರು ಈಗ ಇಲ್ಲಿ ಕೆಎ ಪ್ಲೇಟು ಕಂಡರೆ ನಗುತ್ತಾರೋ ಏನೋ.

ತೆರಿಗೆಯ ಮೊತ್ತದ ಬಗ್ಗೆ ಎರಡೂ ಕಡೆ ಒಂದು ತಪ್ಪು ತಿಳಿವಳಿಕೆ ಇದೆ. “ಕರ್ನಾಟಕದಲ್ಲಿ ಭಾರೀ ಟ್ಯಾಕ್ಸು, ಹೈದರಾಬಾದಿನಲ್ಲಿ ಅಗ್ಗ” ಎಂದು ಇಲ್ಲಿನವರು, ಅದರ ಉಲ್ಟಾ ಅಲ್ಲಿನವರು. ಕೂಡಿ ಕಳೆದು ನೋಡಿದೆ. ತೆಲಂಗಾಣ 2022ರ ಮೇ ತಿಂಗಳಲ್ಲಿ ಏರಿಸಿದ ದರದಂತೆ ಐದರಿಂದ ಹತ್ತು ಲಕ್ಷದ ಕಾರಿಗೆ ಶೇ. 14, ಹತ್ತರಿಂದ ಇಪ್ಪತ್ತು ಲಕ್ಷದ್ದಕ್ಕೆ ಶೇ. 17 ಇತ್ತು. ಕರ್ನಾಟಕದಲ್ಲೂ ಇವೇ ಅಂಕಿಗಳು, ಆದರೆ ಆ ತೆರಿಗೆಯ ಮೇಲೆ ಮತ್ತೆ ಶೇ. 11 ಸೆಸ್. ಆ ದರದಲ್ಲಿ ಹನ್ನೆರಡು ಲಕ್ಷದ ಕಾರಿಗೆ ಇಲ್ಲಿ 2,04,000 ರೂಪಾಯಿ, ಅಲ್ಲಿ 2,26,440. ವ್ಯತ್ಯಾಸ 22,440. ಸಣ್ಣ ಮೊತ್ತವಲ್ಲ, ಆದರೆ ಊರು ಬದಲಿಸುವಷ್ಟು ದೊಡ್ಡದೂ ಅಲ್ಲ. ಮನೆಯಲ್ಲಿ ಈಗಾಗಲೇ ಅದೇ ಹೆಸರಿನಲ್ಲಿ ಒಂದು ಗಾಡಿಯಿದ್ದರೆ ತೆಲಂಗಾಣ ಎರಡನೆಯದಕ್ಕೆ ಶೇ. 2 ಹೆಚ್ಚು ಹಾಕುತ್ತದೆ. ಆಗ ಈ ಲಾಭವೂ ಕರಗುತ್ತದೆ. ಬ್ಯಾಟರಿ ಕಾರಿನ ಲೆಕ್ಕ ಬೇರೆ: 2024ರ ನವೆಂಬರಿನ ಆದೇಶದಂತೆ 2026ರ ಡಿಸೆಂಬರ್ 31ರವರೆಗೆ ತೆಲಂಗಾಣದಲ್ಲಿ ಅದಕ್ಕೆ ರಸ್ತೆ ತೆರಿಗೆಯೂ ಇಲ್ಲ, ನೋಂದಣಿ ಶುಲ್ಕವೂ ಇಲ್ಲ.

ಊರಿಗಿಂತ ದೊಡ್ಡ ಉಳಿತಾಯ ಇರುವುದು ಹತ್ತು ಲಕ್ಷದ ಗೆರೆಯಲ್ಲಿ. 9,95,000 ರೂಪಾಯಿಯ ಕಾರಿಗೆ ಶೇ. 14 ಅಂದರೆ 1,39,300. ಅದೇ ಕಾರಿನ ಮೇಲಿನ ಮಾದರಿ, ಬೆಲೆ 10,05,000 ಎಂದಿಟ್ಟುಕೊಳ್ಳಿ, ಆಗಿನ ಶೇ. 17 ಅಂದರೆ 1,70,850. ಹಿಂಬದಿ ಕ್ಯಾಮರಾಗೋ ಸನ್‌ರೂಫಿಗೋ ಹತ್ತು ಸಾವಿರ ಹೆಚ್ಚು ಕೊಟ್ಟೆ ಎಂದುಕೊಳ್ಳುವವನು ತೆರಿಗೆಯಲ್ಲೇ ಇನ್ನೂ 31,550 ಕೊಟ್ಟಿರುತ್ತಿದ್ದ. ಯಾವ ಸೇಲ್ಸ್‌ಮನ್ನೂ ನನಗೆ ಇದನ್ನು ತಾನಾಗಿ ಹೇಳಲಿಲ್ಲ. ಹಾಗೆಯೇ ಉದ್ದದ ಗೆರೆ: 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರಿನೊಳಗಿನ ಸಣ್ಣ ಎಂಜಿನ್ನಿನ ಕಾರಿಗೆ ಜಿಎಸ್‌ಟಿ ಶೇ. 18, ಅದಕ್ಕಿಂತ ದೊಡ್ಡದಕ್ಕೆ ಶೇ. 40. ದಿಲ್‌ಸುಖ್‌ನಗರದ ಗಲ್ಲಿಯಲ್ಲಿ ಹಾಸ್ಟೆಲ್ ಹುಡುಗರ ಬೈಕುಗಳ ನಡುವೆ ತಿರುಗಿಸುವಾಗ, ಸೆಲ್ಲಾರಿನ ಎರಡು ಕಂಬಗಳ ನಡುವೆ ನುಗ್ಗಿಸುವಾಗ ಆ ನಾಲ್ಕು ಮೀಟರಿನ ಬೆಲೆ ಇನ್ನೂ ಚೆನ್ನಾಗಿ ತಿಳಿಯುತ್ತದೆ.

ಇನ್ನು ಶೋರೂಮು ಸುತ್ತುವ ಮಾತು. ಬೀದರಿನಂಥ ಊರಿನಲ್ಲಿ ಒಂದು ಕಂಪನಿಗೆ ಸಾಮಾನ್ಯವಾಗಿ ಒಂದೇ ಶೋರೂಮು. ಇನ್ನೊಂದು ಬೆಲೆ ಕೇಳಬೇಕೆಂದರೆ ಕಲಬುರಗಿಗೆ ಹೋಗಬೇಕು, ನೂರು ಕಿಲೋಮೀಟರಿಗೂ ಹೆಚ್ಚು. ಇಲ್ಲಿ ಮಲಕ್‌ಪೇಟೆಯಿಂದ ಎಲ್‌ಬಿ ನಗರ, ನಾಗೋಲ್ ಕಡೆ ಒಂದು ಸುತ್ತು ಹಾಕಿದರೆ ಒಂದೇ ಕಂಪನಿಯ ಮೂರು ಬೆಲೆ ಚೀಟಿ ಕೈಗೆ ಬರುತ್ತವೆ. ಐದು ಭಾನುವಾರ ನಾನು ಇದನ್ನೇ ಮಾಡಿದೆ. ಎಕ್ಸ್ ಶೋರೂಮ್ ಬೆಲೆ ಮೂರೂ ಕಡೆ ಒಂದೇ, ಅದು ಕಂಪನಿ ಇಟ್ಟದ್ದು. ಆಟ ಇರುವುದೆಲ್ಲ ಅದರ ಕೆಳಗಿನ ಸಾಲುಗಳಲ್ಲಿ: ವಿಮೆ, ಆಕ್ಸೆಸರೀಸ್ ಕಿಟ್, ಎಕ್ಸ್‌ಟೆಂಡೆಡ್ ವಾರಂಟಿ, ಫಾಸ್ಟ್ಯಾಗ್, ಮತ್ತು ‘ಹ್ಯಾಂಡ್ಲಿಂಗ್ ಚಾರ್ಜಸ್’ ಎಂಬ ಒಂದು ಸಾಲು. ಇದೇನು ಎಂದು ಒಂದು ಕಡೆ ಕೇಳಿದೆ. “ಗಾಡಿ ಯಾರ್ಡಿನಿಂದ ಬರಬೇಕಲ್ಲ ಸಾರ್” ಎಂದರು. ಬರದ ಗಾಡಿಯನ್ನು ಮಾರುವುದು ಹೇಗೆ ಎಂದು ಕೇಳಿದ ಮೇಲೆ ಆ ಸಾಲು ಅಳಿಸಿಹೋಯಿತು. ಅದು ಸರ್ಕಾರಕ್ಕೆ ಹೋಗುವ ಹಣವಲ್ಲ, ಕೇಳದಿದ್ದವನು ಕೊಡುತ್ತಾನೆ ಅಷ್ಟೆ. ಹತ್ತು ಲಕ್ಷ ದಾಟಿದರೆ ಶೇ. 1 ಟಿಸಿಎಸ್, ಅಂದರೆ ಮಾರುವವರೇ ವಸೂಲಿ ಮಾಡಿ ಕಟ್ಟುವ ಆದಾಯ ತೆರಿಗೆ, ಮಾತ್ರ ನಿಜವಾದ ಸಾಲು. ಆದಾಯ ತೆರಿಗೆ ವಿವರ ಸಲ್ಲಿಸುವಾಗ ಅದನ್ನು ಲೆಕ್ಕಕ್ಕೆ ಹಿಡಿಯಬಹುದು, ಹಲವರು ಮರೆತುಬಿಡುತ್ತಾರೆ.

ವಿಮೆಯದು ಇನ್ನೂ ದೊಡ್ಡ ಸಾಲು. 2018ರ ಸೆಪ್ಟೆಂಬರಿನಿಂದ ಹೊಸ ಕಾರಿಗೆ ಮೂರನೇ ವ್ಯಕ್ತಿಯ ವಿಮೆ ಮೂರು ವರ್ಷದ್ದು ಕಡ್ಡಾಯ. ನಮ್ಮ ಗಾಡಿಯ ಹಾನಿಯ ವಿಮೆ ಒಂದು ವರ್ಷದ್ದು ಸಾಕು. ಯಾರಿಂದ ಕೊಳ್ಳಬೇಕು ಎಂಬುದು ಕೊಳ್ಳುವವನ ಇಷ್ಟ. ಶೋರೂಮಿನವರು ಇದನ್ನು ಇಲ್ಲ ಅನ್ನುವುದಿಲ್ಲ, “ಹೊರಗಿಂದ ತಂದರೆ ನಮ್ಮ ಡಿಸ್ಕೌಂಟ್ ಬಿಟ್ಟು ಹೋಗುತ್ತದೆ” ಎನ್ನುತ್ತಾರೆ. ಆಗ ಡಿಸ್ಕೌಂಟು ಎಲ್ಲಿಂದ ಬರುತ್ತಿತ್ತು ಎಂದು ತಿಳಿಯುತ್ತದೆ.

ಹೀಗೆಂದು ಸುತ್ತುವುದೇ ಜಾಣತನ ಎನ್ನಲು ನನಗೆ ಧೈರ್ಯವಿಲ್ಲ. ನಮ್ಮ ಮೇಲಿನ ಮನೆಯವರು ಮೊದಲು ಹೊಕ್ಕ ಶೋರೂಮಿನಲ್ಲೇ ಅಡ್ವಾನ್ಸ್ ಕೊಟ್ಟು ಬಂದರು. ಹೆಚ್ಚೆಂದರೆ ಕೆಲವು ಸಾವಿರ ಜಾಸ್ತಿ ಕೊಟ್ಟಿರಬಹುದು. ನಾನು ಐದು ಭಾನುವಾರ ಕೊಟ್ಟೆ. ಜೊತೆಗೆ ಫೋನ್ ನಂಬರು ಕೊಟ್ಟದ್ದಕ್ಕೆ ಇವತ್ತಿಗೂ ದಿನಕ್ಕೊಂದು ಕರೆ. ಹೆಚ್ಚು ಹಿಂಡಿದ ಡಿಸ್ಕೌಂಟಿಗೆ ಇನ್ನೊಂದು ಅಪಾಯವೂ ಇದೆ: ಬಹಳ ಕಡಿಮೆಗೆ ಬಂದ ಗಾಡಿ ತಿಂಗಳುಗಟ್ಟಲೆ ಯಾರ್ಡಿನ ಬಿಸಿಲಲ್ಲಿ ನಿಂತದ್ದಿರಬಹುದು. ಟೈರಿನ ಮೇಲಿನ ನಾಲ್ಕು ಅಂಕಿ ಓದಿ ನೋಡಬೇಕು. 2325 ಎಂದಿದ್ದರೆ 2025ರ 23ನೇ ವಾರದ ಟೈರು.

ಆಷಾಢದ ವಿಷಯದಲ್ಲಿ ಮಾತ್ರ ಮಾವನಿಗೂ ನನಗೂ ಒಮ್ಮತ ಆಗಲೇ ಇಲ್ಲ. ಬೋನಾಲು ಹಬ್ಬದ ಆ ತಿಂಗಳಿನಲ್ಲಿ ಇಲ್ಲೂ ಗಾಡಿ ಕೊಳ್ಳುವವರು ಕಡಿಮೆ, ಅಲ್ಲೂ ಕಡಿಮೆ. ಅದಕ್ಕೇ ಶೋರೂಮಿನವರ ಮಾತು ಆಗ ಮೆತ್ತಗಿರುತ್ತದೆ. ದಸರೆಗೆ ಹೋದರೆ ಮುಹೂರ್ತ ಸಿಗುತ್ತದೆ, ಡಿಸ್ಕೌಂಟು ಸಿಗುವುದು ಕಷ್ಟ. ನಾವು ಕೊನೆಗೆ ಆಷಾಢದಲ್ಲಿ ಬೆಲೆ ಗೊತ್ತುಮಾಡಿ, ಶ್ರಾವಣದಲ್ಲಿ ಗಾಡಿ ತಂದೆವು. ಇಬ್ಬರೂ ಗೆದ್ದೆವು ಎಂದುಕೊಂಡೆವು.

ಬಿಎಚ್ ನಂಬರಿನ ಬಗ್ಗೆ ಒಂದು ಮಾತು. 2021ರ ಸೆಪ್ಟೆಂಬರಿನಿಂದ ಬಂದ ಈ ಸರಣಿ ಸರ್ಕಾರಿ ನೌಕರರಿಗೆ, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿಯಿರುವ ಖಾಸಗಿ ಕಂಪನಿಯವರಿಗೆ. ಎರಡೆರಡು ವರ್ಷಕ್ಕೆ ತೆರಿಗೆ ಕಟ್ಟುತ್ತ ಹೋಗಬಹುದು, ರಾಜ್ಯ ಬದಲಾದರೂ ನಂಬರು ಬದಲಾಗದು. ಮೂರು ವರ್ಷಕ್ಕೊಮ್ಮೆ ವರ್ಗವಾಗುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ನನ್ನಂಥ ಸಣ್ಣ ಸಂಸ್ಥೆಯ ನೌಕರನಿಗೆ ಆ ಬಾಗಿಲು ಇಲ್ಲ.

ನನ್ನ ತೀರ್ಮಾನ ಹೀಗೆ. ಒಂದು ವರ್ಷದೊಳಗೆ ಊರಿಗೆ ಹೋಗಿ ನೆಲೆಸುವವರು, ಅಥವಾ ಗಾಡಿಯನ್ನು ಅಪ್ಪ ಅಮ್ಮನಿಗಾಗಿಯೇ ಕೊಳ್ಳುವವರು ಊರಿನಲ್ಲೇ ತೆಗೆದುಕೊಳ್ಳಲಿ. ಸೆಸ್ಸು ಹೆಚ್ಚಾದರೂ ತಲೆನೋವು ಕಡಿಮೆ. “ಒಂದಿನ ವಾಪಸ್ ಹೋಗ್ತೀವಿ” ಎನ್ನುವ ನಮ್ಮಂಥವರಿಗೆ ಆ ಒಂದಿನ ಯಾವುದೆಂದು ಗೊತ್ತಿಲ್ಲ. ಮಕ್ಕಳ ಸಾಲಿ ಮುಗಿಯುವ ತನಕ ಗಾಡಿ ಮಲಗುವುದು ಈ ಸೆಲ್ಲಾರಿನಲ್ಲೇ. ಗಾಡಿ ರಾತ್ರಿ ಎಲ್ಲಿ ಮಲಗುತ್ತದೋ ಅಲ್ಲಿನ ನಂಬರೇ ಸರಿ. ಸುತ್ತುವುದಾದರೆ ಮೂರು ಶೋರೂಮು ಸಾಕು, ನಾಲ್ಕನೆಯದರಿಂದ ನನಗೆ ಹೊಸದೇನೂ ತಿಳಿಯಲಿಲ್ಲ.

ನಮ್ಮದು ಟಿಜಿ, 2024ರ ಮಾರ್ಚಿನಿಂದ ಇಲ್ಲಿ ಟಿಎಸ್ ಹೋಗಿ ಟಿಜಿ ಬಂದಿದೆ. ಮಾವನವರು ಪ್ಲೇಟು ನೋಡಿ ಏನೂ ಅನ್ನಲಿಲ್ಲ, ನಿಂಬೆಹಣ್ಣು ಮಾತ್ರ ಬೀದರಿನಿಂದ ತಂದಿದ್ದರು. ಒಂದು ಕೆಲಸ ನಾನು ಮರೆತು ಎರಡು ವಾರ ಕಳೆದುಕೊಂಡೆ, ನೀವು ಮರೆಯಬೇಡಿ: ಅಡ್ವಾನ್ಸ್ ಕೊಡುವ ಮೊದಲು ಆಧಾರ್ ಕಾರ್ಡು ತೆಗೆದು ಅದರಲ್ಲಿ ಯಾವ ಊರಿನ ವಿಳಾಸ ಇದೆ ನೋಡಿ.