ಟೆಟ್ರಿಸ್ ಆಡಿದ್ರೂ ಸಿಟ್ಟು ಬರುತ್ತೆ!

ರಾತ್ರಿ ಹನ್ನೊಂದರ ಮೇಲೆ ನಮ್ಮ ಹಾಸ್ಟೆಲ್ ಕಾರಿಡಾರ್‌ನಲ್ಲಿ ಒಂದು ರೌಂಡ್ ಹೋಗಿ ನೋಡಿ. ಎಲ್ಲ ರೂಮಿಂದಲೂ ಒಂದೇ ಕೂಗು: "ಮಗಾ, ಬೇಗ ರಿವೈವ್ ಮಾಡೋ!" ನಾನೂ ಬಿಜಿಎಂಐ ಆಡ್ತೀನಿ. ಊರಿಗೆ ಹೋದಾಗೆಲ್ಲ ಅಮ್ಮ ಹೇಳೋದು ಒಂದೇ: "ದಿನಾ ಹಿಂಗೇ ಗುಂಡು ಹಾರಿಸ್ತಾ ಕೂತ್ರೆ ನಿನ್ನ ಬುದ್ಧಿನೂ ಹಂಗೇ ಆಗುತ್ತೆ ನೋಡು."

ಈ ಭಯ ಅಮ್ಮಂದಿರಿಗೆ ಮಾತ್ರ ಇಲ್ಲ. 2019ರ ಮಾರ್ಚ್‌ನಲ್ಲಿ ಗುಜರಾತಿನ ರಾಜ್‌ಕೋಟ್ ಪೊಲೀಸರು ಪಬ್‌ಜಿಯನ್ನೇ ನಿಷೇಧಿಸಿ, ಆಡ್ತಿದ್ದ ಕೆಲವು ಹುಡುಗರನ್ನು ಬಂಧಿಸಿದ್ದರು.

ಹಾಗಾದ್ರೆ ಸಂಶೋಧನೆ ಏನು ಹೇಳುತ್ತೆ? 2019ರಲ್ಲೇ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರು ಬ್ರಿಟನ್ನಿನ 14-15 ವಯಸ್ಸಿನ ಸುಮಾರು 1,000 ಮಕ್ಕಳ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಮಕ್ಕಳು ಆಡುವ ಗೇಮ್‌ನ ಹಿಂಸೆಗೂ, ಅವರ ಅಪ್ಪ-ಅಮ್ಮ ಹೇಳಿದ ನಡವಳಿಕೆಗೂ ಸಂಬಂಧ ಕಾಣಲಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ ಎಪಿಎ 2020ರಲ್ಲಿ, ಗೇಮ್‌ಗಳಿಂದಲೇ ಹಿಂಸಾಚಾರ ಆಗುತ್ತೆ ಅನ್ನೋಕೆ ಸಾಕಷ್ಟು ಪುರಾವೆ ಇಲ್ಲ ಅಂತು. ಆದರೆ ಕೂಗಾಡೋದು, ತಳ್ಳೋದು ಇಂಥದ್ದರ ಜೊತೆ ಸಣ್ಣ ಸಂಬಂಧ ಇದೆ ಅಂತಲೂ ಸೇರಿಸಿತು.

ಮೊದಲ ಅರ್ಧ ಓದಿ ಖುಷಿಯಾಗಿ ಅಮ್ಮನಿಗೆ ಫಾರ್ವರ್ಡ್ ಮಾಡೋಣ ಅಂದುಕೊಂಡೆ. ಎರಡನೇ ಅರ್ಧ ಓದಿ ಸುಮ್ಮನಾದೆ. ಯಾಕಂದ್ರೆ ಹೋದ ಸೆಮ್ ರಜೆಯಲ್ಲಿ ಎಂಟನೇ ಕ್ಲಾಸಿನ ನನ್ನ ತಮ್ಮ ಅದೇ ವೈಫೈನಲ್ಲಿ ವಿಡಿಯೋ ನೋಡ್ತಿದ್ದ. ಕೊನೆ ಸರ್ಕಲ್‌ನಲ್ಲಿ ನನ್ನ ಪಿಂಗ್ ಏರಿತು, ಔಟ್ ಆದೆ. ಎದ್ದು ಹೋಗಿ ಅವನ ಕೈಯಿಂದ ಮೊಬೈಲ್ ಕಿತ್ತು ಅವನನ್ನ ತಳ್ಳಿಬಿಟ್ಟೆ. ಅವನು ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ.

ಇದು ಬಂದೂಕಿನ ಪ್ರಭಾವನಾ? ನನಗೆ ಹಾಗನ್ನಿಸಲ್ಲ. 2014ರಲ್ಲಿ ಬಂದ ಒಂದು ಸಂಶೋಧನೆಯಲ್ಲಿ ಟೆಟ್ರಿಸ್ ಗೇಮನ್ನೇ ಬದಲಾಯಿಸಿ, ಆಡುವವರಿಗೆ ಬೇಡದ ಬ್ಲಾಕ್‌ಗಳೇ ಬೀಳೋ ಥರ ಮಾಡಿದ್ದರು. ಟೆಟ್ರಿಸ್‌ನಲ್ಲಿ ಗುಂಡೂ ಇಲ್ಲ, ರಕ್ತಾನೂ ಇಲ್ಲ. ಆದ್ರೂ ಆಡಿದವರಲ್ಲಿ ಸಿಟ್ಟು ಹೆಚ್ಚಾಯ್ತು. ಎಷ್ಟು ಪ್ರಯತ್ನಪಟ್ರೂ ಆಗಲ್ಲ ಅನ್ನೋ ಹತಾಶೆಯೇ ಅದಕ್ಕೆ ಕಾರಣ. ಪ್ರಾಜೆಕ್ಟ್ ಡೆಮೋ ದಿನವೇ ಕೋಡ್ ಕೈಕೊಟ್ಟವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಹಾಗಂತ "ಗೇಮ್‌ದೇನೂ ತಪ್ಪಿಲ್ಲ" ಅಂತ ನಾವು ಕೈ ತೊಳ್ಕೊಳ್ಳೋ ಹಾಗಿಲ್ಲ. ಸೋತ ಸಿಟ್ಟನ್ನ ನಾವು ತೀರಿಸ್ಕೊಳ್ಳೋದು ನಮ್ಮನ್ನ ತಿರುಗಿ ಬೈಯದವರ ಮೇಲೆ: ತಮ್ಮ, ರೂಮ್‌ಮೇಟ್, ಸ್ಕ್ವಾಡ್‌ಗೆ ಹೊಸದಾಗಿ ಬಂದ ಜೂನಿಯರ್. ಮೈಕ್‌ನಲ್ಲಿ ಅವರ ಅಮ್ಮ, ಅಕ್ಕಂದಿರನ್ನೆಲ್ಲ ಎಳೆದು ತಂದು ಬೈದು, ಕೊನೆಗೆ "ಗೇಮ್‌ನಲ್ಲಿ ಇದೆಲ್ಲ ಕಾಮನ್ ಗುರು" ಅಂತೀವಿ. ಕೇಳಿಸ್ಕೊಂಡವನಿಗೆ ಅದು ಗೇಮ್ ಅಲ್ಲ, ನಿಜವಾದ ಬೈಗುಳ.

ನನ್ನ ಸಲಹೆ ಎರಡೇ. ಸತತ ಎರಡು ಮ್ಯಾಚ್ ಸೋತ್ರೆ ಫೋನ್ ಕೆಳಗಿಟ್ಟು ಟೀ ಕುಡಿದು ಬನ್ನಿ. ಹಾಗೇ ಈ ವರ್ಷದ ಫೆಸ್ಟ್‌ನ ಗೇಮಿಂಗ್ ಇವೆಂಟ್‌ನಲ್ಲಿ ಮೈಕ್‌ನಲ್ಲಿ ಕೆಟ್ಟದಾಗಿ ಬೈದ ಟೀಮ್‌ಗೆ ಪಾಯಿಂಟ್ ಕಟ್ ಅಂತ ನಿಯಮ ತರೋಣ.

ತಮ್ಮನಿಗೆ ಸಾರಿ ಕೇಳಿದ್ದೀನಿ. "ಆಯ್ತು ಬಿಡಣ್ಣ" ಅಂದ. ಆದ್ರೆ ಈಗಲೂ ನಾನು ಗೇಮ್ ಆನ್ ಮಾಡಿದ್ರೆ ಎದ್ದು ಬೇರೆ ರೂಮಿಗೆ ಹೋಗ್ತಾನೆ. ನನಗೆ ಯಾವ ಅಧ್ಯಯನಕ್ಕಿಂತಲೂ ಹೆಚ್ಚು ಕಾಡೋದು ಅದೇ.